ಮೂರು ಎಳ್ಳುಕಾಳಿನಷ್ಟು ಚುಕ್ಕೆಗಳು

ಕೂದಲು ಸೀದ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ದೀಪದ ಮೇಲೆ ಬಾಗಿ ಓದುವಾಗ ಮುಂಗುರುಳು ಚುರ್ ಎಂದರೆ, ಅಮ್ಮ ಬೈಯದೆ ಅಂಗೈಯಿಂದ ಒತ್ತಿ ಆರಿಸುತ್ತಿದ್ದಳು. ಚರ್ಮದ ಆಸ್ಪತ್ರೆಯ ಈ ಹಿಂಬದಿ ಕೋಣೆಯಲ್ಲಿ ಈಗ ಅದೇ ವಾಸನೆ. ಬೆಳಗಿನ ಏಳು ಗಂಟೆ. ಆಗಲೇ ಒಬ್ಬರ ಸರದಿ ಮುಗಿದಿದೆ. ಹಚ್ಚೆ ಅಳಿಸಿಕೊಳ್ಳುವವರು ನಾಲ್ಕು ಜನರ ಕಣ್ಣಿಗೆ ಬೀಳುವ ಮುಂಚೆಯೇ ಬಂದು ಹೋಗುತ್ತಾರೆ.

ಲೇಸರ್ ಹಿಡಿಯುವ ತಂತ್ರಜ್ಞೆಯನ್ನು ಎಲ್ಲರೂ ಕರೆಯುವುದು ರಬ್ಬರಕ್ಕ ಎಂದು. ಹನ್ನೊಂದು ವರ್ಷಗಳಿಂದ ದಿನಕ್ಕೆ ಎಂಟೊಂಬತ್ತು ಜನರ ಹಚ್ಚೆ ಅಳಿಸುತ್ತಿದ್ದಾರೆ. ಹೊರಗಿನ ಬೋರ್ಡಿನಲ್ಲಿರುವುದು ವೈದ್ಯರ ಹೆಸರು ಮಾತ್ರ. ಇವರ ಕೆಲಸ ನೋಡಿ ಬರೆಯಲೆಂದು ನಾನು ನಿನ್ನೆಯಿಂದ ಇಲ್ಲಿದ್ದೇನೆ.

ಈಗ ಕುಳಿತಿರುವ ಹುಡುಗಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಮೂರು ತಿಂಗಳಲ್ಲಿ ದೇಹಪರೀಕ್ಷೆ. ಮುಂಗೈ ಮೇಲೆ ಹಚ್ಚೆ ಕಂಡರೆ ಮನೆಗೆ. ಕಪ್ಪು ಗೆರೆಗಳೆಲ್ಲ ಹೋಗಿವೆ, ಒಂದು ಹಸಿರು ಬಳ್ಳಿ ಮಾತ್ರ ಜಪ್ಪಯ್ಯ ಅಂದರೂ ಹೋಗಿಲ್ಲ. ಯಾವುದು ಒಗ್ಗುತ್ತದೆಂದು ನೋಡಲು ಕಳೆದ ತಿಂಗಳು ರಬ್ಬರಕ್ಕ ಮೂರು ಯಂತ್ರಗಳಿಂದ ಬಳ್ಳಿಯ ತುದಿಗೆ ಎಳ್ಳುಕಾಳಿನಷ್ಟು ಮೂರು ಚುಕ್ಕೆ ಹಾಕಿ ಕಳಿಸಿದ್ದರು.

"ನನ್ನ ಒಂದು ತಿಂಗಳು ನುಂಗಿಬಿಟ್ರಿ, ಅಕ್ಕ."

"ನುಂಗಿದ್ದು ಹೌದು. ಬೈಕೋ. ಕೈ ಮಾತ್ರ ಅಲ್ಲಾಡಿಸಬೇಡ."

ರಬ್ಬರಕ್ಕ ಭೂತಗನ್ನಡಿ ಹಿಡಿದು ಬಾಗುತ್ತಾರೆ. ಮೊದಲ ಚುಕ್ಕೆ ಕೆಂಪು ಬೆಳಕಿನ ಹಳೆಯ ಯಂತ್ರದ್ದು. ಹಸಿರೇನೋ ಹೋಗಿದೆ, ಜೊತೆಗೆ ಮೈಬಣ್ಣವೂ ಹೋಗಿ ಅಕ್ಕಿನುಚ್ಚಿನಂಥ ಬಿಳಿ ಉಳಿದಿದೆ. ಎರಡನೆಯದು ಕಪ್ಪು ಶಾಯಿಗೆಂದೇ ಇರುವ ಯಂತ್ರದ್ದು. ಚರ್ಮಕ್ಕೂ ಏನಾಗಿಲ್ಲ, ಹಸಿರಿಗೂ ಏನಾಗಿಲ್ಲ. ಮೂರನೆಯದು ಹೊಸ ಪಿಕೊ ಯಂತ್ರದ್ದು. ಅದರ ಮಿಂಚು ಎಷ್ಟು ಚುಟುಕೆಂದರೆ, ಸುತ್ತಲ ಚರ್ಮ ಬಿಸಿಯಾಗುವುದರೊಳಗೆ ಶಾಯಿ ಪುಡಿಯಾಗಿರುತ್ತದೆ. ಆ ಚುಕ್ಕೆಯನ್ನು ರಬ್ಬರಕ್ಕ ನೋಡುತ್ತಲೇ ಇದ್ದಾರೆ.

"ಏನಾಗಿದೆ ಹೇಳಿ, ಅಕ್ಕ."

"ತಾಳು."

ಈ ತಾಳ್ಮೆಯ ಹಿಂದೊಂದು ತಪ್ಪಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕೆನ್ನೆಯ ಕಲೆ ಮುಚ್ಚಲು ಮೈಬಣ್ಣದ ಶಾಯಿ ಹಾಕಿಸಿಕೊಂಡಿದ್ದ ಹೆಂಗಸಿಗೆ ಇವರು ಚುಕ್ಕೆ ಹಾಕಿ ನೋಡದೆ ಲೇಸರ್ ಬಿಟ್ಟಿದ್ದರು. ಕಣ್ಣೆದುರೇ ಆ ಶಾಯಿ ಕಪ್ಪಾಯಿತು. "ಅವರು ಒಂದು ಮಾತೂ ಬೈಲಿಲ್ಲಮ್ಮ. ಕನ್ನಡಿ ಕೇಳಿದ್ರು, ಅಷ್ಟೇ," ಎಂದು ನಿನ್ನೆ ನನಗೆ ಹೇಳುವಾಗ ಅವರ ದನಿ ಇಳಿದಿತ್ತು.

ಕೊನೆಗೆ ರಬ್ಬರಕ್ಕ ತಲೆ ಎತ್ತುತ್ತಾರೆ. "ಮೂರನೇದರಲ್ಲಿ ಹಸಿರು ಮಾಸಿದೆ, ನಿನ್ನ ಚರ್ಮಕ್ಕೂ ಒಪ್ಪಿದೆ. ಇವತ್ತೊಂದು ಸಲ, ಎಂಟು ವಾರ ಬಿಟ್ಟು ಇನ್ನೊಂದು ಸಲ. ಪೂರ್ತಿ ಹೋಗುತ್ತೆ ಅಂತ ಭಾಷೆ ಕೊಡಲ್ಲ."

"ಕೈ ಮೇಲೆ ಬಿಳಿ ಕಲೆ ಉಳಿಯಲ್ಲ ತಾನೇ?"

"ಅದನ್ನೇ ತಾನೇ ತಿಂಗಳು ಕಾದು ನೋಡಿದ್ದು."

ಮೂವರೂ ಲೇಸರ್ ತಡೆಯುವ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೇವೆ. ಟಪ್, ಟಪ್, ಟಪ್. ಬಳ್ಳಿ ಹಾಲಿನಂತೆ ಬೆಳ್ಳಗಾಗಿ ಉಬ್ಬುತ್ತದೆ. ಹುಡುಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

"ಇದು ಬರೀ ಗಾಳಿಗುಳ್ಳೆ. ಅರ್ಧ ಗಂಟೇಲಿ ಇಳಿಯುತ್ತೆ. ಕೂತು ನೋಡು."

ಗೋಡೆ ಗಡಿಯಾರದ ಕೆಳಗೆ ನಾವು ಮೂವರೂ ಒಂದು ಕೈಯನ್ನೇ ನೋಡುತ್ತ ಕೂರುತ್ತೇವೆ. ನಿಮಗೇನು ಆಸೆ ಎಂದು ರಬ್ಬರಕ್ಕನನ್ನು ಮೆಲ್ಲಗೆ ಕೇಳುತ್ತೇನೆ.

"ನನ್ನ ಕೆಲಸ ಯಾರಿಗೂ ಕಾಣಬಾರದಮ್ಮ. ಕಂಡ್ರೆ ಕೆಟ್ಟಿದೆ ಅಂತ ಅರ್ಥ."

ಬಿಳುಪು ಇಳಿಯುತ್ತದೆ. ಅಡಿಯಲ್ಲಿ ಹಸಿರು ಇನ್ನೂ ಇದೆ, ಆದರೆ ನೆರಳಿನಷ್ಟು. ಸುತ್ತ ಮೈಬಣ್ಣ ಹಾಗೇ ಇದೆ. ಹುಡುಗಿ ಎದ್ದವಳು ಗೋಡೆ ಹಿಡಿದುಕೊಳ್ಳುತ್ತಾಳೆ.

"ಏನಾದ್ರೂ ತಿಂದಿದ್ದೀಯಾ?"

"ರಾತ್ರಿಯಿಂದ ಗಂಟಲಲ್ಲಿ ಇಳೀಲಿಲ್ಲ."

ರಬ್ಬರಕ್ಕ ಕೈ ತೊಳೆದು, ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವಳ ನೋಯದ ಕೈಗೆ ಕೊಡುತ್ತಾರೆ.