ಅಕ್ಕನಿಗೊಂದು ಬ್ರೈಲ್ ಯಂತ್ರ

ಡಿಸೆಂಬರಿನ ಕೊನೆಯ ಶನಿವಾರ, ನನಗೆ ಬ್ರೈಲ್ ಕಲಿಸಿದ ಪುತ್ತೂರಿನ ಟೀಚರು ಎರಡು ಯಂತ್ರಗಳನ್ನು ತಂದು ನನ್ನ ಮಡಿಲಲ್ಲಿ ಇಟ್ಟರು. ಜೊತೆಗೇ ಒಯ್ಯಬಹುದಾದ ಬ್ರೈಲ್ ಯಂತ್ರಗಳು, ಒಂದು ಸಣ್ಣದು, ಒಂದು ದೊಡ್ಡದು. ಮೇಲೆ ಬರೆಯುವ ಕೀಲಿಗಳು, ಕೆಳಗೆ ಚುಕ್ಕಿಗಳು ತಾವಾಗಿ ಎದ್ದು ಇಳಿಯುವ ಒಂದು ಸಾಲು. ಒಂದು ತಿಂಗಳು ಉಪಯೋಗಿಸಿ ನೋಡಬೇಕು, ಯಾವುದು ಒಳ್ಳೆಯದೆಂದು ಬರೆದು ಕೊಡಬೇಕು, ಒಳ್ಳೆಯದು ಅಕ್ಕನಿಗೆ ಸಿಗುತ್ತದೆ ಎಂದರು. ಆ ದಿನವೇ ಬ್ರೈಲ್ ಬರೆಯುವ ದಪ್ಪ ಹಾಳೆಯೊಂದನ್ನು ತೆಗೆದು ಎರಡು ಅಂಕಣ ಮಾಡಿದೆ.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ನಾನು ಸವಣೂರಿನಲ್ಲಿ, ಅವಳು ಕಡಬದ ಹತ್ತಿರ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಅಕ್ಕನಿಗೆ ಸಣ್ಣ ಪ್ರಾಯದಲ್ಲಿ ಶುಗರ್ ಬಂದು, ಕಾಲೇಜಿಗೆ ಹೋಗುವಾಗ ಕಣ್ಣು ಹೋಯಿತು. ನನಗಿಂತ ಆರು ವರ್ಷ ದೊಡ್ಡವಳಾದ ಅವಳು ಬ್ರೈಲ್ ಕಲಿತದ್ದು ನನ್ನಿಂದ. ಬೇಗ ಕಲಿತಳು. ಹಾಡುವುದನ್ನು ಬಿಡಬಾರದೆಂದು ಕಲಿತಳು.

ಅಕ್ಕ ಹೆಂಗಸರ ತಾಳಮದ್ದಳೆ ತಂಡದ ಭಾಗವತೆ, ಪದ ಹಾಡುವವಳು. ತಾಳಮದ್ದಳೆಯೆಂದರೆ ವೇಷ, ಕುಣಿತವಿಲ್ಲದೆ ಕೂತು ಆಡುವ ಯಕ್ಷಗಾನ. ಪ್ರಸಂಗದ ಒಂದು ಪದ ಹಾಡಿ ನಿಲ್ಲಿಸಿದ ಮೇಲೆ ಅರ್ಥ ಹೇಳುವವರು ಮಾತಿಗೆ ತೊಡಗುತ್ತಾರೆ. ಅವರ ಮಾತು ಮುಗಿಯುವುದರೊಳಗೆ ಅವಳು ಜಾಗಟೆಯನ್ನು ತೊಡೆಯ ಮೇಲಿಟ್ಟು, ಮುಂದಿನ ಪದವನ್ನು ಎಡಗೈಯಲ್ಲಿ ಓದಿಕೊಳ್ಳುತ್ತಿದ್ದಳು. ಮಾತು ನಿಂತ ಕೂಡಲೇ ಪದ ಏಳಬೇಕು. ಕಾಗದದ ಬ್ರೈಲ್ ಇಷ್ಟು ದಪ್ಪ ಕಟ್ಟಾಗುತ್ತದೆ, ತಿರುಗಿಸಿದರೆ ಸದ್ದು, ಎರಡು ಮಳೆಗಾಲ ಕಳೆದರೆ ಚುಕ್ಕಿ ಕೂತುಬಿಡುತ್ತದೆ. ಜನವರಿ ಕೊನೆಗೆ ಆಲೆಟ್ಟಿಯಲ್ಲಿ ಹೊಸ ಪ್ರಸಂಗ ಆಡುವುದೆಂದು ತಂಡದವರು ಒಪ್ಪಿಕೊಂಡಿದ್ದರು. ಯಾರಿಗೂ ಬಾಯಿಪಾಠವಿಲ್ಲದ, ತಿಂಗಳೊಳಗೆ ಬಾಯಿಪಾಠ ಮಾಡಿ ಮುಗಿಯದಷ್ಟು ಪದಗಳಿರುವ ಪ್ರಸಂಗ. ಅದಕ್ಕೇ ಯಂತ್ರ ಬೇಕಾದದ್ದು.

ತಂಡದಲ್ಲಿ ಮದ್ದಳೆ ಬಾರಿಸುವ ಅತ್ತೆ ಪದಗಳನ್ನು ಓದಿ ಹೇಳಿದರು, ನಾನು ಎರಡೂ ಯಂತ್ರಗಳಲ್ಲಿ ಬರೆದೆ. ರಾಗ ಗೊತ್ತುಮಾಡಿಕೊಳ್ಳಲೆಂದು ಮೊದಲ ಪದವನ್ನು ಅತ್ತೆ ಅಕ್ಕನಿಗೂ ಫೋನಿನಲ್ಲಿ ಓದಿ ಹೇಳಿದ್ದರು. ಸಣ್ಣದರಲ್ಲಿ ಒಮ್ಮೆಗೆ ಇಪ್ಪತ್ತು ಅಕ್ಷರ ಮಾತ್ರ ಏಳುತ್ತದೆ. ಒಂದು ಸಾಲು ಮುಗಿಸಲು ಎರಡು ಸಲ ಗುಂಡಿ ಒತ್ತಬೇಕು. ಆದರೆ ಹಗುರ, ಜೋಳಿಗೆಯಲ್ಲಿ ಹಾಕಿದರೆ ಗೊತ್ತೇ ಆಗುವುದಿಲ್ಲ. ದೊಡ್ಡದರಲ್ಲಿ ಇಡೀ ಸಾಲು ಒಟ್ಟಿಗೆ ಸಿಗುತ್ತದೆ, ಆದರೆ ತೊಡೆಯ ಮೇಲೆ ಇಟ್ಟರೆ ಜಾಗಟೆಗೆ ಜಾಗವಿಲ್ಲ. ಸಣ್ಣದರ ಕೀಲಿ ಟಕಟಕ ಎನ್ನುತ್ತದೆ. ದೊಡ್ಡದು ಒತ್ತಕ್ಷರದಲ್ಲಿ ಕೆಲವೊಮ್ಮೆ ತಪ್ಪುತ್ತದೆ. ಇದನ್ನೆಲ್ಲ ಬರೆದಿಟ್ಟುಕೊಂಡು, ಒಂದು ವಾರ ಬಿಟ್ಟು ಭಾನುವಾರ ಬಸ್ಸಿನಲ್ಲಿ ಕಡಬಕ್ಕೆ ಹೋದೆ.

ಅಕ್ಕ ಸಣ್ಣದನ್ನು ತೆಗೆದುಕೊಂಡಳು. ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಮೂರು ಸಲ ಬೆರಳಾಡಿಸಿದಳು.

"ಇದರ ಚುಕ್ಕಿ ಏಳುದೇ ಇಲ್ಲ ಮಾರಾಯ್ತಿ. ಮೆತ್ತಗೆ ಉಂಟು."

ದೊಡ್ಡದನ್ನು ಕೊಟ್ಟೆ.

"ಇದೂ ಹಾಗೆಯೇ."

ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ದೊಡ್ಡಮ್ಮನಿಗೆ ಅದು ಕೇಳಿಸಿತು. "ಮಳೆಗಾಲ ಪೂರ ಯಾರೋ ಕಪಾಟಿನಲ್ಲಿ ಇಟ್ಟದ್ದಾಗಿರ್ಬೇಕು. ತಂಡಿ ಹಿಡಿದುಂಟು ಅದಕ್ಕೆ. ಕೊಡಿ ಇಲ್ಲಿ, ಅಡಿಕೆಯ ಒಟ್ಟಿಗೆ ಒಣಗಲಿ."

"ಅಮ್ಮ, ಅದು ಹಪ್ಪಳ ಅಲ್ಲ."

"ಹಪ್ಪಳ ಆದ್ರೇನು, ರೇಡಿಯೋ ಆದ್ರೇನು? ನಿನ್ನ ಅಪ್ಪನ ರೇಡಿಯೋ ಸರಿ ಮಾಡಿದ್ದು ಯಾರು? ಈ ಬಿಸಿಲೇ ಅಲ್ವಾ?"

ನಮಗೂ ಅದು ಸರಿ ಎನಿಸಿತು. ನಮ್ಮ ಕಡೆ ಏನು ಕೆಟ್ಟರೂ ಮೊದಲು ತಂಡಿಯ ಮೇಲೆ ಹಾಕಿ, ಬಿಸಿಲಿಗಿಡುವುದು ಅಭ್ಯಾಸ. ಯಂತ್ರಗಳನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಂಗಳದ ಮೂಲೆಯಲ್ಲಿಟ್ಟೆವು. ಅಕ್ಕನ ಮಾತು ನಂಬಿ ಎರಡೂ ಅಂಕಣಗಳಲ್ಲಿ ‘ಚುಕ್ಕಿ ಮೆತ್ತಗೆ’ ಎಂದು ಬರೆದೆ. ಇಬ್ಬರೂ ಬಹಳ ನಕ್ಕೆವು ಆ ದಿನ. ಕಾಗೆ ಬಂದು ಯಂತ್ರದ ಮೇಲೆ ಕೂತಿದೆಯೆಂದು ದೊಡ್ಡಮ್ಮ ಕೂಗಿದಾಗ, "ಕೂತ್ಕೊಳ್ಳಲಿ, ಅದಕ್ಕಾದರೂ ಓದಲಿಕ್ಕೆ ಬರ್ತದಾ ನೋಡುವ" ಎಂದಳು ಅಕ್ಕ.

ಸಂಜೆ ಯಂತ್ರಗಳನ್ನು ಒಳಗೆ ತಂದೆ. ಬೆಚ್ಚಗಿದ್ದವು. ಹಾಗೇ ಬೆರಳಿಟ್ಟು ನೋಡಿದೆ. ಚುಕ್ಕಿಗಳು ರವೆಯ ಕಾಳಿನ ಹಾಗೆ ಚುಚ್ಚಿದವು. ನಾನು ಬರೆಯುವಾಗಲೂ ಹೀಗೆಯೇ ಇದ್ದವು. ಬಿಸಿಲಿನಿಂದ ಏನೂ ಬದಲಾಗಿರಲಿಲ್ಲ.

ಅಷ್ಟರಲ್ಲಿ ಅಕ್ಕ, "ಕಾಗದದ್ದೇ ಕೊಡು, ಅದು ನನಗೆ ಸರಿ" ಎಂದಳು. ಮೊದಲ ಪದವನ್ನು ಕಾಗದದಲ್ಲೂ ಬರೆದು ತಂದಿದ್ದೆ. ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟೆ. ಬೆರಳು ಹಾಳೆಯ ಮೇಲೆ ಸರಿಯುವ ಸದ್ದು ಕೇಳಿಸಿತು. ಪದವನ್ನು ಒಂದೂ ತಪ್ಪಿಲ್ಲದೆ ಹಾಡಿದಳು. ನಾನು ಖುಷಿಯಿಂದ, ಎರಡನೇ ಪದ ಇದೆಯೋ ಎಂದು ಚೀಲಕ್ಕೆ ಕೈ ಹಾಕಿದೆ. ಮೊದಲ ಪದದ ಹಾಳೆ ಚೀಲದಲ್ಲೇ ಇತ್ತು.

ಅಕ್ಕನ ಕೈಯಲ್ಲಿದ್ದ ಹಾಳೆಯನ್ನು ಮುಟ್ಟಿ ನೋಡಿದೆ. ನನ್ನ ಎರಡು ಅಂಕಣದ ಹಾಳೆ. ಅವಳು ಹಾಡಿದ್ದು ಅತ್ತೆ ಫೋನಿನಲ್ಲಿ ಓದಿ ಹೇಳಿದ್ದನ್ನು, ನೆನಪಿನಿಂದ.

ನನಗೆ ತಿಳಿದುಹೋದದ್ದು ಅವಳಿಗೂ ಗೊತ್ತಾಯಿತು.

"ಯಾವಾಗಿನಿಂದ ಅಕ್ಕ?"

"ಮಳೆಗಾಲದಿಂದ. ಮೊದಲು ಎಡದ ತೋರುಬೆರಳು. ಈಗ ಹತ್ತೂ ಒಂದೇ. ಬಟ್ಟೆ ಸುತ್ತಿಕೊಂಡು ಮುಟ್ಟಿದ ಹಾಗೆ."

"ಡಾಕ್ಟರು?"

"ಶುಗರಿನದ್ದೇ ಅಂತೆ. ಕಣ್ಣು ತಿಂದದ್ದು ಸಾಕಾಗ್ಲಿಲ್ಲ ಅದಕ್ಕೆ." ಹಾಳೆಯನ್ನು ನನಗೆ ಮರಳಿಸಿ ಹೇಳಿದಳು, "ಹಳೆಯ ಪ್ರಸಂಗ ಎಲ್ಲ ಬಾಯಿಗೆ ಬರ್ತದೆ. ಕಾಗದದ ಮೇಲೆ ಸುಮ್ಮನೆ ಕೈ ಆಡಿಸ್ತಿದ್ದೆ. ಯಂತ್ರದ ಚುಕ್ಕಿ ಕಾಗದದ್ದಲ್ಲ, ಗಟ್ಟಿ ಇರ್ತದೆ, ಅದಾದ್ರೂ ಗೊತ್ತಾದೀತು ಅಂತ ಗ್ರಹಿಸಿದ್ದೆ."

ಅಡುಗೆಮನೆಯಲ್ಲಿ ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಿದ್ದರು. "ಅಮ್ಮನಿಗೆ ಗೊತ್ತಿಲ್ಲ" ಎಂದಳು.

ಎರಡೂ ಯಂತ್ರಗಳು ಓದಿ ಹೇಳುತ್ತವೆ ಕೂಡ. ಮುಂದಿನ ಭಾನುವಾರದ ಅಭ್ಯಾಸಕ್ಕೆ ಅಕ್ಕ ಸಣ್ಣದಕ್ಕೆ ಇಯರ್‌ಫೋನ್ ಹಾಕಿಕೊಂಡು ಕೂತಳು. ಅರ್ಥ ಹೇಳುವವರ ಮಾತು ಒಂದು ಕಿವಿಯಲ್ಲಿ, ಯಂತ್ರದ ಗಡಸು ಹೆಣ್ಣು ದನಿ ಇನ್ನೊಂದರಲ್ಲಿ. ಮೂರನೇ ಪದಕ್ಕೆ ಶ್ರುತಿ ಜಾರಿತು. ಅಕ್ಕನಿಗೆ ಶ್ರುತಿ ಜಾರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆಯ ಮದ್ದಳೆ ನಿಂತಿತು.

"ಕಿವಿಯೊಳಗೆ ಇವಳು ಒದರ್ತಾ ಇದ್ರೆ ಶ್ರುತಿ ಎಲ್ಲಿಂದ ಹಿಡಿಯುದು?" ಎಂದು ಇಯರ್‌ಫೋನ್ ಕಿತ್ತಳು. ಯಾರೂ ನಗಲಿಲ್ಲ. ನಾನು ಹಿಂದೆ ಕೂತು ಪದ ಹೇಳಿಕೊಡುತ್ತೇನೆ ಎಂದೆ. ಅದನ್ನೂ ಮಾಡಿ ನೋಡಿದೆವು. ನಾನು ಹೇಳಿ ಮುಗಿಸಿ, ಅವಳು ಅದನ್ನು ರಾಗಕ್ಕೆ ಹೊಂದಿಸಿಕೊಳ್ಳುವಷ್ಟರಲ್ಲಿ ಸಭೆ ಕಾಯಬೇಕಾಗುತ್ತದೆ. "ಬೇಡ, ಬಿಡು" ಎಂದಳು.

ಆಲೆಟ್ಟಿಯಲ್ಲಿ ಬೇರೆ ಹುಡುಗಿ ಹಾಡಿದಳು. ಸುಳ್ಯದವಳು, ಒಳ್ಳೆಯ ಕಂಠ. ಅಕ್ಕ ಅವಳ ಪಕ್ಕದಲ್ಲಿ ಕೂತು ಚಕ್ರತಾಳ ಹಿಡಿದು ತಾಳ ಹಾಕಿದಳು. ಹುಡುಗಿ ಪುಸ್ತಕದ ಹಾಳೆ ತಿರುಗಿಸುವ ಸದ್ದು ನನಗೆ ಪ್ರತಿ ಸಲವೂ ಕೇಳುತ್ತಿತ್ತು. ಅಕ್ಕನಿಗೆ ಕೇಳದೆ ಇದ್ದಿರಲಾರದು. ಒಂದು ಪದಕ್ಕೆ ಹುಡುಗಿ ಎತ್ತಿಕೊಂಡ ರಾಗ ತಪ್ಪಿತು. ಅಕ್ಕ ಮೆಲ್ಲನೆ ಗುನುಗಿ ಸರಿಯಾದದ್ದನ್ನು ಹಿಡಿಸಿದಳು, ಮತ್ತೆ ತಾಳಕ್ಕೆ ಮರಳಿದಳು.

ಮರುದಿನ ‘ಚುಕ್ಕಿ ಮೆತ್ತಗೆ’ ಎಂಬುದನ್ನು ಎರಡೂ ಅಂಕಣಗಳಲ್ಲಿ ಉಜ್ಜಿ ಅಳಿಸಿ, ಪುತ್ತೂರಿಗೆ ಹೋಗಿ ಟೀಚರಿಗೆ ಯಂತ್ರಗಳನ್ನು ಒಪ್ಪಿಸಿದೆ. ಎರಡರಲ್ಲೂ ಚುಕ್ಕಿ ಚೆನ್ನಾಗಿದೆ, ಕೂತು ಹಾಡುವವರಿಗೆ ಸಣ್ಣದೇ ಅನುಕೂಲ ಎಂದೆ.

"ಹಾಗಾದ್ರೆ ಅಕ್ಕನಿಗೆ ಸಣ್ಣದೇ ಬರೆಯುವನಾ?" ಎಂದು ಕೇಳಿದರು.

"ಬೇಡ ಟೀಚರ್. ಬೇರೆ ಯಾರಿಗಾದ್ರೂ ಕೊಡಿ, ಬೆರಳು ಚುರುಕಿದ್ದವರಿಗೆ" ಎಂದೆ.