ಅಪ್ಪ ಕೂಗಿದ ಓಲ್ಡಾನ್

ನಮ್ಮಪ್ಪ ಗುಬ್ಬಿ, ತುಮಕೂರು, ಕುಣಿಗಲ್ ನಡುವೆ ಓಡುತ್ತಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಬಸ್ಸು ಹೊರಡಬೇಕಾದರೆ ‘ರೈಟ್’, ನಿಲ್ಲಬೇಕಾದರೆ ‘ಓಲ್ಡಾನ್’, ಜೊತೆಗೆ ತಗಡಿಗೆ ಅಂಗೈಯಿಂದ ಎರಡು ಏಟು. ಮನೆಯಲ್ಲೂ ಅದೇ ಭಾಷೆ. ಅಮ್ಮ ಸಾರು ಬಡಿಸುವಾಗ ‘ಸಾಕು’ ಅಂದವನೇ ಅಲ್ಲ, ‘ಓಲ್ಡಾನ್’ ಅನ್ನುತ್ತಿದ್ದ. ನಾನೂ ನನ್ನ ತಂಗಿಯೂ ಜುಟ್ಟು ಹಿಡಿದು ಕಿತ್ತಾಡುತ್ತಿದ್ದರೆ ಗೋಡೆಗೆ ಎರಡು ಬಡಿದು ‘ಓಲ್ಡಾನ್’ ಅಂತ ಕೂಗುತ್ತಿದ್ದ. ನಗು ಬಂದು ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಪಿಯುಸಿ ಓದುತ್ತಿದ್ದಾಗ, ತೊಂಬತ್ತರ ದಶಕದಲ್ಲಿ, ಒಂದು ಸಂತೆ ದಿನ ಅದು ನಡೆಯಿತು. ನಮ್ಮ ರೂಟಿನಲ್ಲಿ ಬಸ್ಸುಗಳಿಗೆ ಟೈಮಿಂಗ್ ಜಗಳ ಇದ್ದದ್ದೇ. ಮುಂದಿನ ಸ್ಟಾಪಿನ ಜನ ತನಗೇ ಸಿಗಬೇಕು ಅಂತ ಹಿಂದಿನ ಬಸ್ಸು ಅಪ್ಪನ ಬಸ್ಸನ್ನು ಹಿಂದೆ ಹಾಕಲು ಬಂತು, ಅಪ್ಪನ ಡ್ರೈವರ್ ದಾರಿ ಬಿಡಲಿಲ್ಲ. ಎರಡೂ ಪಕ್ಕಪಕ್ಕದಲ್ಲೇ ಓಡಿದವು. ಅಪ್ಪನ ಬಸ್ಸಿನಲ್ಲಿ ಹಾಗಲವಾಡಿ ಕಡೆಯ ಹೂವಿನ ಹೆಂಗಸೊಬ್ಬಳು ಹೂ ತುಂಬಿದ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಕೈ ಇಟ್ಟಿದ್ದಳು. ಬಸ್ಸುಗಳು ಒಂದಕ್ಕೊಂದು ಉಜ್ಜಿದವು. ಜೀವ ಉಳಿಯಿತು, ಕೈ ಉಳಿಯಲಿಲ್ಲ.

‘ಕಂಡಕ್ಟ್ರು ಓಲ್ಡಾನ್ ಕೊಡ್ಲಿಲ್ಲ, ನಂಗೇನ್ ಕನಸು ಬೀಳ್ತದಾ?’ ಅಂತ ಅಪ್ಪನ ಡ್ರೈವರ್ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ. ಊರ ಬಾಯಿ ಮುಚ್ಚಲಾದೀತೇ? ಟಿಕೆಟ್ ಹರಿಯುತ್ತಾ ಮೈಮರೆತಿದ್ದನಂತೆ ಅಂದರು. ನನಗೋ, ಆ ಡ್ರೈವರ್ ಮನೆ ಮುಂದೆ ನಿಂತು ಹಿಡಿ ಮಣ್ಣು ತೂರಿ ಬರೋಣ ಅನ್ನಿಸುತ್ತಿತ್ತು. ಆದರೆ ಅಪ್ಪ ಉಭ ಶುಭ ಅನ್ನಲಿಲ್ಲ. ತಡೆಯಲಾರದೆ ನಾನೇ ಕೇಳಿಬಿಟ್ಟೆ.

‘ಅಪ್ಪಾ, ಅವತ್ತು ನೀನು ಕೂಗಿದ್ಯೋ ಇಲ್ವೋ? ಅದೊಂದ್ ಹೇಳ್ಬುಡು.’

‘ಕೂಗಿದ್ರೆ ಬಸ್ಸು ನಿಂತ್ಕಳ್ತಿತ್ತಲ್ವಾ ಮಗಾ?’

ಇದನ್ನು ಹೌದು ಅಂತ ತಿಳಿಯುವುದೋ, ಇಲ್ಲ ಅಂತಲೋ? ತಾನು ಕೂಗಿದೆನೋ ಇಲ್ಲವೋ ಅನ್ನುವುದು ಅವನಿಗೇ ಗೊತ್ತಿಲ್ಲವೇನೋ ಅಂತ ಅನ್ನಿಸಿತು. ಅಪ್ಪ ಕೆಲಸ ಬಿಟ್ಟು ಗುಬ್ಬಿಯ ಕೊಬ್ಬರಿ ಮಂಡಿ ಸೇರಿದ. ಊಟದಲ್ಲಿ ಸಾಕಾದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ, ಅಷ್ಟೇ. ಅಮ್ಮ ಮಾತ್ರ ಒಂದು ದಿನವೂ ಅವನನ್ನು ಅವತ್ತು ಕೂಗಿದ್ದು ಹೌದೋ ಅಲ್ಲವೋ ಅಂತ ಕೇಳಲಿಲ್ಲ.

ಬಸ್ಸು ಹತ್ತುವುದಂತೂ ನಿಂತೇಹೋಯಿತು. ಜಪ್ಪಯ್ಯ ಅಂದರೂ ಹತ್ತನು. ರೈಲಾದರೆ ಸರಿ, ‘ಹಳಿ ಬುಟ್ಟು ಅದು ಯಾರ ಪಕ್ಕಕ್ಕೂ ಹೋಗಕ್ಕಿಲ್ಲ’ ಅನ್ನುತ್ತಿದ್ದ. ನನ್ನ ಮದುವೆ ಕುಣಿಗಲ್ಲಿನಲ್ಲಿ, ಗಂಡಿನ ಕಡೆಯವರ ಊರಲ್ಲಿ ಆಯಿತು. ಅಲ್ಲಿಗೆ ಆಗ ರೈಲೆಲ್ಲಿತ್ತು? ಹಿಂದಿನ ದಿನವೇ ಸೈಕಲ್ ಹತ್ತಿ ಹೊರಟು, ಹೊಸ ಪಂಚೆಗೆಲ್ಲ ಚೈನಿನ ಎಣ್ಣೆ ಮೆತ್ತಿಕೊಂಡು ಛತ್ರಕ್ಕೆ ಬಂದ. ‘ಬೀಗ್ರು ಫಾರಿನ್ ಕಾರಲ್ ಬಂದವ್ರೆ ನೋಡ್ರಪ್ಪೋ’ ಅಂತ ನನ್ನ ಮಾವ ಕಿಚಾಯಿಸಿದರು. ಅಪ್ಪನೂ ನಕ್ಕ. ನಾನು ಮಾತ್ರ ಹಸೆಮಣೆಯ ಮೇಲೆ ಕೂತು ಅತ್ತೆ. ತವರು ಬಿಡುವ ದುಃಖ ಅಂತ ಎಲ್ಲರೂ ತಿಳಿದುಕೊಂಡರು.

ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷದ ಮೇಲೆ, ಉತ್ತರದ ಒಂದು ದೊಡ್ಡ ಊರಿನಲ್ಲಿದ್ದ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. (ಮಗು ಬದುಕಿತು. ಈಗ ಅದರ ತಂಟೆ ತಡೆಯಲಾಗದು.) ಫೋನಿನಲ್ಲಿ ತಂಗಿ ಅಮ್ಮ ಬೇಕು, ಅಪ್ಪ ಬೇಕು ಅಂತ ಒಂದೇ ಸಮ ಅತ್ತಳು. ರೈಲಿನಲ್ಲಾದರೆ ದಿನಗಟ್ಟಲೆ ಹಾದಿ. ವಿಮಾನದಲ್ಲೇ ಹೋಗೋಣ ಅಂದೆ.

‘ಅಲ್ಲಿ ಪಕ್ಕದಾಗೆ ಯಾರಾರಾ ಬತ್ತಾರಾ?’ ಅಪ್ಪ ಕೇಳಿದ್ದು ಇದೊಂದೇ.

‘ಆಕಾಶ ಅಂದ್ರೇನು ಗುಬ್ಬಿ ರೋಡಾ? ಯಾರೂ ಬರಲ್ಲ ಕಣಪ್ಪಾ.’

ನಾನೇನು ದಿನಾ ವಿಮಾನದಲ್ಲಿ ಓಡಾಡುವವಳೇ? ಅಪ್ಪ ನಂಬಿದ. ಅವನನ್ನು ಕಿಟಕಿ ಪಕ್ಕ ಕೂರಿಸಿ, ಅಮ್ಮನನ್ನು ನಡುವೆ ಬಿಟ್ಟು ನಾನು ಈಚೆ ಕೂತೆ. ದಾರಿಯುದ್ದಕ್ಕೂ ಮೋಡ ನೋಡುತ್ತಾ ಅವನು ಚೆನ್ನಾಗಿಯೇ ಇದ್ದ.

ಇಳಿಯುವ ಹೊತ್ತಿಗೆ ಅವನ ಬೆನ್ನು ನೆಟ್ಟಗಾಯಿತು. ನಾನೂ ಬಗ್ಗಿ ನೋಡಿದೆ. ಇನ್ನೊಂದು ವಿಮಾನ! ನಮ್ಮ ಪಕ್ಕದಲ್ಲೇ, ನಮ್ಮ ಜೊತೆಗೇ ಇಳಿಯುತ್ತಿತ್ತು. ದೊಡ್ಡ ನಿಲ್ದಾಣಗಳಲ್ಲಿ ಇಳಿಯುವ ಹಾದಿ ಎರಡು ಇರುತ್ತವೆ, ಅಕ್ಕಪಕ್ಕದಲ್ಲಿ ಎರಡು ವಿಮಾನ ಒಟ್ಟಿಗೆ ಇಳಿಯುವುದುಂಟು ಅಂತ ನನಗೆ ಆಮೇಲೆ ತಿಳಿಯಿತು. ಆದರೆ ಇದು ಬರಬರುತ್ತಾ ನಮ್ಮ ಕಡೆಗೇ ವಾಲಿತು. ಅದರ ಕಿಟಕಿಗಳು ಒಂದೊಂದಾಗಿ ಕಾಣತೊಡಗಿದವು. ಅಮ್ಮ ತಾಳಿ ಹಿಡಿದುಕೊಂಡು ‘ಶಿವಶಿವಾ’ ಅಂದಳು.

ಅಪ್ಪ ಕಿಟಕಿಯ ಪಕ್ಕದ ಗೋಡೆಗೆ ಅಂಗೈಯಿಂದ ರಪ್ ರಪ್ ಅಂತ ಬಡಿದು ಕೂಗಿದ. ‘ಓಲ್ಡಾನ್! ಓಲ್ಡಾನ್! ಓಲ್ಡಾನ್ ಕಣ್ರೀ!’

ವಿಮಾನದ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಇಂಜಿನ್ ಮೊರೆಯಿತು. ನಮ್ಮ ವಿಮಾನ ಮೂತಿ ಎತ್ತಿ ಮತ್ತೆ ಆಕಾಶಕ್ಕೆ ಏರಿತು. ಆ ಇನ್ನೊಂದು ಕೆಳಗೇ ಉಳಿದು, ಚಿಕ್ಕದಾಗುತ್ತಾ ಮರೆಯಾಯಿತು. ಪಕ್ಕದ ವಿಮಾನ ತೀರಾ ಹತ್ತಿರ ಬಂದಿದ್ದರಿಂದ ಮೇಲೆ ಹೋಗಬೇಕಾಯಿತು, ಒಂದು ಸುತ್ತು ಹಾಕಿ ಇಳಿಯುತ್ತೇವೆ ಅಂತ ಮೈಕಿನಲ್ಲಿ ಹೇಳಿದರು. ಹಿಂದಿನ ಸೀಟಿನ ಹುಡುಗರು ‘ಹೋಲ್ಡ್ ಆನ್ ಅಂಕಲ್’ ಅಂತ ಕಿಸಕ್ಕನೆ ನಕ್ಕರು. ನಾನು ತಿರುಗಿ ಒಂದು ಸಲ ನೋಡಿದೆ ನೋಡಿ, ತೆಪ್ಪಗಾದರು. ಚಕ್ರ ನೆಲ ಮುಟ್ಟುವವರೆಗೂ ಅಪ್ಪ ಗೋಡೆಯ ಮೇಲಿನ ಕೈ ತೆಗೆಯಲಿಲ್ಲ.

ಇಳಿಯುವಾಗ ಬಾಗಿಲಲ್ಲಿ ಪೈಲಟ್ ನಿಂತಿದ್ದ. ನನ್ನ ವಯಸ್ಸಿನವನೇ, ಮುಖವೆಲ್ಲ ಬೆವರು. ಅಪ್ಪ ಅವನ ಮುಂದೆ ನಿಂತು ಕೈ ಮುಗಿದ.

‘ಡ್ರೈವರ್ ಸ್ವಾಮೀ, ನಾನು ಕೂಗಿದ್ದು ಕೇಳಿಸ್ತಾ?’

ಅವನಿಗೆ ಕನ್ನಡ ಬಾರದು. ನನ್ನ ಮುಖ ನೋಡಿದ. ನಾನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ‘ಇವರು ನಮ್ಮಪ್ಪ, ಬಸ್ ಕಂಡಕ್ಟರ್ ಆಗಿದ್ದರು. ನಿಲ್ಲಿಸಿ ಅಂತ ಕೂಗಿದರು. ನಿಮಗೆ ಕೇಳಿಸಿತಾ ಅಂತ ಕೇಳುತ್ತಿದ್ದಾರೆ’ ಅಂದೆ. ಮುಚ್ಚಿದ ಬಾಗಿಲಾಚೆ ಕೂತವನಿಗೆ ಕೇಳಿಸಲು ಹೇಗೆ ಸಾಧ್ಯ? ಅವನು ಅಪ್ಪನನ್ನೇ ಒಂದು ಗಳಿಗೆ ನೋಡಿದ. ಮುಗಿದ ಕೈಗಳನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಹೌದು ಅಂತ ತಲೆಯಾಡಿಸಿದ. ಅವನ ಹೊಟ್ಟೆ ತಣ್ಣಗಿರಲಿ.

ಹೊರಗೆ ಬಂದ ಮೇಲೆ ಅಪ್ಪ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು ಕೂತ. ‘ತಂಗಿ ಕಾಯ್ತಿದಾಳೆ, ಏಳಪ್ಪಾ’ ಅಂದೆ. ಅವನು ಏಳಲಿಲ್ಲ. ಅಮ್ಮನ ಸೆರಗಿನ ತುದಿ ಹಿಡಿದು ಎಳೆದ.

‘ಅವತ್ತೂ ಇಷ್ಟೇ ಜೋರಾಗಿ ಕೂಗಿದ್ದೆ ಕಣೇ.’

ಅಮ್ಮ ಪಕ್ಕದಲ್ಲಿ ಕೂತು ಅದೇ ಸೆರಗಿನಿಂದ ಅವನ ಮುಖ ಒರೆಸಿದಳು.

‘ನಂಗೊತ್ತಿರ್ನಿಲ್ವಾ’ ಅಂದಳು.