ಕೊಟ್ಟಿಗೆಯ ಗ್ಯಾಸು ನಿಂತ ಕಾರಣ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದುಹೋಗಿದ್ದೇನೆ. ಹೇಳಬೇಕಾದವರಿಗೆ ಹೇಳದೆ ಈಗ ಯಾರಿಗೋ ಹೇಳುವುದು ಸರಿಯೋ ತಪ್ಪೋ ತಿಳಿಯದು.

ಅರವತ್ತರ ದಶಕದ ಮೊದಲ ವರ್ಷಗಳು. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ನಮ್ಮ ಮನೆ, ಹಿತ್ತಲಲ್ಲಿ ನಾಲ್ಕು ಹಸು. ನಾನು ಹೈಸ್ಕೂಲು ಮುಗಿಸಿ ರೈಲ್ವೆ ಗುಮಾಸ್ತನಾಗಿದ್ದೆ. ಸಗಣಿಯಿಂದ ಗ್ಯಾಸು ಮಾಡುವ ವಿಷಯವನ್ನು ಒಂದು ಕರಪತ್ರದಲ್ಲಿ ಓದಿ ಅಣ್ಣನನ್ನು ಒಪ್ಪಿಸಿದೆ. ಬಾವಿಯಂಥ ಗುಂಡಿ, ಅದರ ಮೇಲೆ ಕವುಚಿದ ಕಬ್ಬಿಣದ ಡ್ರಮ್ಮು, ಅಲ್ಲಿಂದ ಅಡುಗೆಮನೆಗೆ ಕೊಳವೆ. ಕೊಟ್ಟಿಗೆ ತೊಳೆದ ನೀರೂ ಗುಂಡಿಗೇ ಹೋಗುವಂತೆ ಮಾಡಿದ್ದು ನನ್ನ ಜಾಣತನ. ತಿಂಗಳಾದ ಮೇಲೆ ನೀಲಿ ಉರಿ ಬಂತು. ಸೌದೆಯ ಹೊಗೆಗೆ ಸದಾ ಕಣ್ಣೊರೆಸಿಕೊಳ್ಳುತ್ತಿದ್ದ ಅತ್ತಿಗೆ, ಅಣ್ಣನ ಹೆಂಡತಿ, ಅಂದು ಸೆರಗು ಮುಟ್ಟದೆ ಸಾರು ಕುದಿಸಿದರು.

ಎರಡು ತಿಂಗಳ ನಂತರ ನಮ್ಮ ಹೆಡ್‌ಕ್ಲಾರ್ಕು ಅದನ್ನು ನೋಡಲು ಬರುತ್ತೇನೆಂದರು. ವಾಸನೆ ಬಂದರೆ ಮರ್ಯಾದೆ ಹೋಗುತ್ತದೆಂದು, ಯಾರೂ ಇಲ್ಲದಾಗ, ಎರಡು ಬಾಟಲಿ ಫಿನಾಯಿಲು ಸುರಿದು ಕೊಟ್ಟಿಗೆ ತೊಳೆದೆ. ಅವರು ಮೆಚ್ಚಿ ಹೋದರು. ನಾಲ್ಕೈದು ದಿನಕ್ಕೆ ಉರಿ ಸಣ್ಣಗಾಗಿ ನಿಂತೇಹೋಯಿತು.

ಆ ವಾರವೇ ಅತ್ತಿಗೆ ಹೊರಗಾಗಿ, ಮನೆಯ ಪದ್ಧತಿಯಂತೆ ಮೂರು ದಿನ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿದ್ದರು.

“ಹೊರಗಾದವಳು ಅಲ್ಲಿ ಕೂತರೆ ಮಡಿ ಒಲೇಲಿ ಅಗ್ನಿ ನಿಲ್ಲತ್ತಾ?” ಎಂದರು ಅಮ್ಮ.

“ಅಲ್ಲೇ ಕೂತ್ಕೋ ಅಂದೋರು ನೀವೇ ಅಲ್ವಾ ಅತ್ತೆ? ನನ್ನ ನೋಡಿ ಹಸು ಸಗಣಿ ಹಾಕೋದು ನಿಲ್ಲಿಸ್ಲಿಲ್ಲ. ಗ್ಯಾಸಿಗೆ ಮಾತ್ರ ಗೊತ್ತಾಗ್ಬಿಡ್ತಾ?”

“ಪೋದುಂ, ಸಾಕು ನಿನ್ನ ಬಾಯಿ.”

ಅತ್ತಿಗೆ ನನ್ನತ್ತ ತಿರುಗಿದರು. “ಓದಿರೋನು ನೀನು. ನೀನಾದ್ರೂ ಹೇಳಪ್ಪಾ.”

ಫಿನಾಯಿಲು ಗುಂಡಿಗೆ ಬೀಳಬಾರದೆಂದು ಕರಪತ್ರದಲ್ಲಿತ್ತು. ಅದನ್ನು ಮೊದಲೇ ಓದಿದ್ದೆನೋ, ಉರಿ ನಿಂತ ಮೇಲೆ ಓದಿದೆನೋ, ನೆನಪು ಕಲಸಿಹೋಗಿದೆ. ಆದರೆ ಅತ್ತಿಗೆ ಕೇಳಿದಾಗ ನನಗೆ ಗೊತ್ತಿತ್ತು.

“ಅಮ್ಮ ಹೇಳಿದ ಹಾಗೇ ಇರಬಹುದು” ಎಂದೆ.

ಅಮ್ಮ ಗುಂಡಿ ಮುಚ್ಚಿಸಿದರು. ಅತ್ತಿಗೆ ಮತ್ತೆ ಸೌದೆ ಒಲೆಯ ಮುಂದೆ ಕುಳಿತರು, ಅದೆಷ್ಟೋ ವರ್ಷ. ಅವರ ಕಣ್ಣು ಮಂಜಾದದ್ದು ಹೊಗೆಯಿಂದಲೋ ವಯಸ್ಸಿನಿಂದಲೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಆಸ್ಪತ್ರೆಗೆ ಕೈಹಿಡಿದು ಕರೆದೊಯ್ದವನು ನಾನೇ. ದಾರಿಯುದ್ದಕ್ಕೂ ಹೇಳಲಾಗಲಿಲ್ಲ. ಹೆದರಿದೆ ಎನ್ನೋಣವೆಂದರೆ ಅಮ್ಮ ಆಗ ಇರಲೇ ಇಲ್ಲ. ಮತ್ತೇನು ತಡೆಯಿತೋ ಇಂದಿಗೂ ಅರ್ಥವಾಗಿಲ್ಲ.

ಅಣ್ಣನಿಗೆ ಅವನ ಕೊನೆಗಾಲದಲ್ಲಿ ಹೇಳಿದೆ. “ಅವಳಿಗೆ ಮೊದಲು ಹೇಳೋ” ಎಂದ. ಹೂಂ ಎಂದೆ. ಆಮೇಲೂ ಅವರು ಆರು ವರ್ಷ ಬದುಕಿದ್ದರು, ಅತ್ತಿಗೆ.